ಹೊಗೆ ಕುಡಿದ ರೋಗಿಗೆ ಸಯನೈಡ್ ವರದಿ ಬರುವವರೆಗೆ ಕಾಯಬೇಕೇ?

ಬೆಂಕಿಯ ಹೊಗೆ ಕುಡಿದು ಬಂದ ರೋಗಿಗೆ ರಕ್ತದ ಸಯನೈಡ್ ವರದಿ ಕೈಸೇರುವ ಮೊದಲೇ ಪ್ರತಿವಿಷ ಕೊಡಬಹುದೇ ಎಂದು ಕೇಳಿದ್ದೀರಿ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದಾಗ ನಾನು ಆ ವರದಿಗಾಗಿ ಕಾದೆ. ಅದು ಬರುವ ಮೊದಲೇ ರೋಗಿ ತೀರಿಕೊಂಡರು.

ಮುಚ್ಚಿದ ಫ್ಲ್ಯಾಟಿನಲ್ಲಿ ಸೋಫಾ ಹೊತ್ತಿ ಉರಿದಿತ್ತು. ಆ ಮಹಿಳೆಯ ಮೈಮೇಲೆ ಸುಟ್ಟಗಾಯಗಳು ಇರಲಿಲ್ಲ, ಆದರೆ ಮೂಗು ಬಾಯಿಗಳಲ್ಲಿ ಮಸಿಯಿತ್ತು, ಪ್ರಜ್ಞೆ ಇರಲಿಲ್ಲ, ರಕ್ತದೊತ್ತಡ ಕುಸಿಯುತ್ತಿತ್ತು. ಪಲ್ಸ್ ಆಕ್ಸಿಮೀಟರ್ 98 ತೋರಿಸುತ್ತಿದ್ದುದನ್ನು ನಾನು ನಂಬಿದೆ. ಕಾರ್ಬನ್ ಮೋನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆ ಯಂತ್ರ ಆಮ್ಲಜನಕವೆಂದೇ ಎಣಿಸುತ್ತದೆ. ಸಯನೈಡ್ ಸೇರಿದಾಗಲಂತೂ ರಕ್ತದಲ್ಲಿರುವ ಆಮ್ಲಜನಕವನ್ನೂ ಜೀವಕೋಶಗಳು ಬಳಸಲಾರವು. ಫೋಮ್, ನೈಲಾನ್, ಉಣ್ಣೆ, ರೇಷ್ಮೆಗಳು ಉರಿದಾಗ ಹೊರಡುವ ಹೈಡ್ರೋಜನ್ ಸಯನೈಡ್ ಮೈಟೊಕಾಂಡ್ರಿಯದ ಸೈಟೋಕ್ರೋಮ್ ಆಕ್ಸಿಡೇಸ್ ಕಿಣ್ವವನ್ನು ಕಟ್ಟಿಹಾಕುವುದರಿಂದ ಜೀವಕೋಶಗಳು ಆಮ್ಲಜನಕವಿಲ್ಲದ ದಾರಿ ಹಿಡಿದು ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತವೆ. ರಕ್ತದಲ್ಲಿ ಆ ಆಮ್ಲದ ಮಟ್ಟ, ಅಂದರೆ ಲ್ಯಾಕ್ಟೇಟ್, ಆ ಮಹಿಳೆಯಲ್ಲಿ 14 ಇತ್ತು, ಆ ಚೀಟಿ ನನ್ನ ಕೈಯಲ್ಲೇ ಇತ್ತು. ತೀವ್ರ ಸುಟ್ಟಗಾಯಗಳಿಲ್ಲದ ಹೊಗೆ ರೋಗಿಯಲ್ಲಿ ಲ್ಯಾಕ್ಟೇಟ್ ಲೀಟರಿಗೆ 10 ಮಿಲಿಮೋಲ್ ಮುಟ್ಟಿದರೆ ಸಯನೈಡನ್ನೇ ಶಂಕಿಸಬೇಕು. ನಾನು ಅದನ್ನು ಕುಸಿದ ರಕ್ತದೊತ್ತಡದ ಫಲವೆಂದು ಓದಿ, ಆಮ್ಲಜನಕ ಮತ್ತು ಡ್ರಿಪ್ ಕೊಟ್ಟು, ರಕ್ತವನ್ನು ಹೊರಗಿನ ಲ್ಯಾಬಿಗೆ ಕಳುಹಿಸಿ ಕುಳಿತೆ. ಕಾಯುತ್ತಿದ್ದ ಉತ್ತರ ಆ ಲ್ಯಾಕ್ಟೇಟ್ ಚೀಟಿಯಲ್ಲಿ ಆಗಲೇ ಬಂದಾಗಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ಚಿಕಿತ್ಸೆಯ ನಿರ್ಧಾರದಲ್ಲಿ ಸಯನೈಡ್ ಮಟ್ಟದ ವರದಿಗೆ ಸ್ಥಾನವೇ ಇಲ್ಲ. ಮುಚ್ಚಿದ ಜಾಗದ ಹೊಗೆ, ಮಸಿಯೊಂದಿಗೆ ಮಂಕಾದ ಪ್ರಜ್ಞೆ, ಇಳಿದ ರಕ್ತದೊತ್ತಡ ಅಥವಾ ಏರಿದ ಲ್ಯಾಕ್ಟೇಟ್ ಕಂಡರೆ ನೂರಕ್ಕೆ ನೂರು ಆಮ್ಲಜನಕದ ಜೊತೆಗೆ ಬಿ12ರ ಒಂದು ರೂಪವಾದ ಹೈಡ್ರಾಕ್ಸೊಕೊಬಾಲಮಿನ್ ಎಂಬ ಪ್ರತಿವಿಷವನ್ನು 5 ಗ್ರಾಂ, ಮಕ್ಕಳಿಗಾದರೆ ಕಿಲೋ ತೂಕಕ್ಕೆ 70 ಮಿಲಿಗ್ರಾಂ, 15 ನಿಮಿಷಗಳಲ್ಲಿ ರಕ್ತನಾಳಕ್ಕೆ ಕೊಡಿ. ಅದು ಸಯನೈಡನ್ನು ಹಿಡಿದು ಬಿ12 ಜೀವಸತ್ವವಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ಚರ್ಮ, ಮೂತ್ರ ಕೆಂಪಾಗುವುದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಆ ಬಣ್ಣ ಲ್ಯಾಬಿನ ಪರೀಕ್ಷೆಗಳನ್ನೂ ಕೆಡಿಸುವುದರಿಂದ ಸಾಧ್ಯವಾದರೆ ರಕ್ತವನ್ನು ಮೊದಲೇ ತೆಗೆದಿಡಿ. ಹಳೆಯ ಸಯನೈಡ್ ಪ್ರತಿವಿಷದ ಕಿಟ್‌ನಲ್ಲಿರುವ ನೈಟ್ರೈಟನ್ನು ಮಾತ್ರ ಹೊಗೆ ರೋಗಿಗೆ ಕೊಡಬೇಡಿ. ಕಾರ್ಬನ್ ಮೋನಾಕ್ಸೈಡಿನಿಂದ ಸೊರಗಿದ ರಕ್ತದಲ್ಲಿ ಅದು ಮೆಥೆಮೋಗ್ಲೋಬಿನ್ ಉಂಟುಮಾಡಿ ಆಮ್ಲಜನಕ ಹೊರುವ ಶಕ್ತಿಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಬೇರೇನೂ ಇಲ್ಲದಿದ್ದರೆ ಸೋಡಿಯಂ ಥಯೋಸಲ್ಫೇಟ್ 12.5 ಗ್ರಾಂ ಕೊಡಬಹುದು, ಆದರೆ ಅದು ನಿಧಾನ.

2010ರ ಕಾರ್ಲ್ಟನ್ ಟವರ್ಸ್ ಬೆಂಕಿಯಲ್ಲಿ 9 ಜನರನ್ನು ಕಳೆದುಕೊಂಡ ಊರು ನಮ್ಮದು. ನೀವು ಕೇಳಬೇಕಾದ ಪ್ರಶ್ನೆ ನಿಮ್ಮ ಆಸ್ಪತ್ರೆಯ ಫಾರ್ಮಸಿಯವರಿಗೆ: ಹೈಡ್ರಾಕ್ಸೊಕೊಬಾಲಮಿನ್ ಇಂದು ರಾತ್ರಿ ದಾಸ್ತಾನಿನಲ್ಲಿದೆಯೇ, ಇದ್ದರೆ ಆ ಬೀರುವಿನ ಕೀಲಿ ಯಾರ ಬಳಿ ಇದೆ? ಮೆಡಿಕಲ್ ಶಾಪಿನ ಮಿಲಿಗ್ರಾಂ ಲೆಕ್ಕದ ಬಿ12 ಇಂಜೆಕ್ಷನ್ನುಗಳು ಈ ಕೆಲಸಕ್ಕೆ ಬರುವುದಿಲ್ಲ.