ಗುರಾಣಿ ಹಿಡಿದರೂ ಯಾಕೆ ಸಾಯುತ್ತೇನೆ? ಎಲ್ಡನ್ ರಿಂಗ್ ಆಟಗಾರರ ಆರು ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎಲ್ಡನ್ ರಿಂಗ್ ಎಂಬ ವಿಡಿಯೋ ಗೇಮ್ ಬಗ್ಗೆ. ಆಟ ಬಂದದ್ದು 2022ರ ಫೆಬ್ರವರಿಯಲ್ಲಿ. ಆದರೂ ಹೊಸದಾಗಿ ಶುರು ಮಾಡುವವರು ಇನ್ನೂ ಬರುತ್ತಲೇ ಇದ್ದಾರೆ. ಆಯುಧ, ಗುರಾಣಿ, ಬ್ಯಾಲೆನ್ಸ್ ಕುರಿತ ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದು ಅರ್ಥವಾದರೆ ಉಳಿದ ಅರ್ಧ ಗೊಂದಲ ತಾನಾಗಿ ಬಗೆಹರಿಯುತ್ತದೆ.

ಪ್ರಶ್ನೆ: ನನ್ನ ಹತ್ತಿರ ಬ್ರಾಸ್ ಶೀಲ್ಡ್ ಇದೆ. ಫಿಸಿಕಲ್ 100 ಅಂತ ತೋರಿಸುತ್ತೆ. ಆದರೂ ಮಾರ್ಗಿಟ್ ಎಂಬ ಬಾಸ್ (ದೊಡ್ಡ ಶತ್ರು) ಎದುರು ಮೂರನೇ ಏಟಿಗೆ ಗುರಾಣಿ ಪಕ್ಕಕ್ಕೆ ಹಾರುತ್ತೆ, ಮುಂದಿನ ಏಟಿಗೆ ಸಾಯುತ್ತೇನೆ. 100 ಅಂದರೆ ಪೂರ್ತಿ ತಡೆಯಬೇಕು ಅಲ್ವಾ?

ಉತ್ತರ: ಆ 100 ನಿಮ್ಮ ಎಚ್‌ಪಿಗೆ, ಅಂದರೆ ಜೀವದ ಪಟ್ಟಿಗೆ ಮಾತ್ರ ಸಂಬಂಧಪಟ್ಟದ್ದು. ಅದರಲ್ಲೂ ಕತ್ತಿ, ಕೋಲು, ಉಗುರಿನಂಥ ಫಿಸಿಕಲ್ ಏಟಿಗಷ್ಟೇ. ಏಟಿನ ಭಾರ ಹೊರುವುದು ನಿಮ್ಮ ಸ್ಟ್ಯಾಮಿನಾ, ಅಂದರೆ ದಮ್ಮು. ಅದು ಎಷ್ಟು ಖರ್ಚಾಗುತ್ತದೆ ಎಂದು ಹೇಳುವ ಅಂಕಿ ಬೇರೆ ಇದೆ, ಅದೇ ಗಾರ್ಡ್ ಬೂಸ್ಟ್. ಗುರಾಣಿಯ ವಿವರದಲ್ಲಿ ಫಿಸಿಕಲ್, ಮ್ಯಾಜಿಕ್, ಫೈರ್, ಲೈಟ್ನಿಂಗ್, ಹೋಲಿ ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಅದು ಕೂತಿರುತ್ತದೆ. ಬಹಳ ಜನ ಅಲ್ಲಿವರೆಗೆ ಕಣ್ಣು ಹಾಯಿಸುವುದೇ ಇಲ್ಲ.

ಅಪ್‌ಗ್ರೇಡ್ ಮಾಡದ ಬ್ರಾಸ್ ಶೀಲ್ಡ್‌ನ ಬೂಸ್ಟ್ 56. ಲೆಕ್ಕ ಸುಲಭವಾಗಲಿ, 100 ಸ್ಟ್ಯಾಮಿನಾ ಕೀಳುವಂಥ ಒಂದು ಏಟು ಅಂದುಕೊಳ್ಳಿ. 56 ಭಾಗವನ್ನು ಗುರಾಣಿ ನುಂಗುತ್ತದೆ, 44 ನಿಮ್ಮ ಖಾತೆಯಿಂದ ಹೋಗುತ್ತದೆ. ನಿಮ್ಮ ಬಳಿ ಇರುವುದು 100 ಆದರೆ ಎರಡು ಏಟಿಗೆ 88 ಖಾಲಿ. ಮೂರನೆಯದಕ್ಕೆ ಕೊಡಲು 12 ಮಾತ್ರ ಉಳಿದಿರುತ್ತದೆ, ಗಾರ್ಡ್ ಬ್ರೇಕ್ ಆಗುತ್ತದೆ. ನೀವು ಹೇಳಿದ ಕಥೆ ಇದೇ.

ಈಗ ಬೂಸ್ಟ್ 70 ಇರುವ ಗುರಾಣಿ ಹಿಡಿಯಿರಿ. ಅದೇ ಏಟಿಗೆ 30 ಹೋಗುತ್ತದೆ, ಮೂರು ಏಟು ತಡೆದುಕೊಳ್ಳುತ್ತೀರಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಬೂಸ್ಟ್ 50ರಿಂದ 60ಕ್ಕೆ ಏರಿದರೆ ಖರ್ಚು 50ರಿಂದ 40ಕ್ಕೆ ಇಳಿಯುತ್ತದೆ, ಐದರಲ್ಲಿ ಒಂದು ಪಾಲು ಉಳಿತಾಯ. 80ರಿಂದ 90ಕ್ಕೆ ಏರಿದರೆ ಖರ್ಚು 20ರಿಂದ 10ಕ್ಕೆ ಇಳಿಯುತ್ತದೆ. ಅಂದರೆ ಅರ್ಧಕ್ಕರ್ಧ! ಏರಿಕೆ ಎರಡೂ ಕಡೆ ಹತ್ತೇ. ಆದರೆ ಮೇಲಕ್ಕೆ ಹೋದಷ್ಟೂ ಪ್ರತಿ ಅಂಕಿಯ ತೂಕ ಜಾಸ್ತಿ. ಅದಕ್ಕೇ ದೊಡ್ಡ ಗುರಾಣಿಗಳು ಕಾಗದದ ಮೇಲೆ ಕಾಣುವುದಕ್ಕಿಂತ ಆಟದಲ್ಲಿ ಎಷ್ಟೋ ಗಟ್ಟಿ. ಕತ್ತಿಗೆ ಮಾತ್ರ ಸ್ಮಿಥಿಂಗ್ ಸ್ಟೋನ್ (ಅಪ್‌ಗ್ರೇಡ್‌ಗೆ ಬೇಕಾದ ಕಲ್ಲು) ಸುರಿದು ಗುರಾಣಿಯನ್ನು ಹಾಗೇ ಬಿಟ್ಟಿದ್ದರೆ ಮೊದಲು ಅದನ್ನು ಸರಿ ಮಾಡಿ. ಅಪ್‌ಗ್ರೇಡ್ ಮಾಡಿದರೆ ಬೂಸ್ಟ್ ಏರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಬೆರಳಿನ ಅಭ್ಯಾಸ. ಗುರಾಣಿ ಎತ್ತಿ ಹಿಡಿದಿದ್ದಷ್ಟು ಹೊತ್ತೂ ಸ್ಟ್ಯಾಮಿನಾ ನಿಧಾನವಾಗಿ ತುಂಬುತ್ತದೆ. ಹೊಸಬರು ಬಾಸ್ ಕೋಣೆಗೆ ಕಾಲಿಟ್ಟ ಕ್ಷಣದಿಂದ ಬ್ಲಾಕ್ ಬಟನ್ ಒತ್ತಿಕೊಂಡೇ ಇರುತ್ತಾರೆ. ಮಾರ್ಗಿಟ್ ಇದಕ್ಕೆ ಹೇಳಿ ಮಾಡಿಸಿದ ಶಿಕ್ಷೆ ಕೊಡುತ್ತಾನೆ. ಅವನು ಕೋಲು ಮೇಲೆತ್ತಿ, ತಡೆದು, ಇನ್ನೂ ತಡೆದು, ಆಮೇಲೆ ಬೀಸುತ್ತಾನೆ. ಆ ತಡೆಯುವ ಹೊತ್ತನ್ನು ಗಮನಿಸಿ. ಅಲ್ಲಿ ಗುರಾಣಿ ಇಳಿಸಿ. ಸ್ಟ್ಯಾಮಿನಾದ ಹಸಿರು ಪಟ್ಟಿ ಸರಸರ ತುಂಬುವುದು ಕಣ್ಣಿಗೇ ಕಾಣುತ್ತದೆ. ಅವನ ಕೈ ಕೆಳಗೆ ಬರಲು ಶುರುವಾದಾಗ ಮತ್ತೆ ಎತ್ತಿ. ರೋಲ್ ಮಾಡುವವರನ್ನು, ಅಂದರೆ ಉರುಳಿ ಏಟು ತಪ್ಪಿಸಿಕೊಳ್ಳುವವರನ್ನು ಮೋಸಗೊಳಿಸಲು ಇಟ್ಟ ತಡ ಅದು. ಗುರಾಣಿ ಇರುವವರಿಗೆ ಅದೇ ಉಸಿರಾಡುವ ಜಾಗ.

ಇನ್ನೊಂದು ಮಾತು. ಅವನು ಬಂಗಾರದ ಬೆಳಕಿನ ಕತ್ತಿ, ಸುತ್ತಿಗೆ ತೆಗೆದಾಗ ಅದರಲ್ಲಿ ಹೋಲಿ ಡ್ಯಾಮೇಜ್ ಇರುತ್ತದೆ. ಬ್ರಾಸ್ ಶೀಲ್ಡ್ ಅದನ್ನು ಪೂರ್ತಿ ತಡೆಯುವುದಿಲ್ಲ, ಎಚ್‌ಪಿ ಸ್ವಲ್ಪ ಸೋರುತ್ತದೆ. ಸುತ್ತಿಗೆ ಕಂಡರೆ ರೋಲ್ ಮಾಡಿ. ಏಟಿನ ಸರಣಿಯ ಕೊನೆಯ ಹೊಡೆತವನ್ನು ಬ್ಲಾಕ್ ಮಾಡಿದ ತಕ್ಷಣ ಹೆವಿ ಅಟ್ಯಾಕ್ ಒತ್ತಿ. ಇದೇ ಗಾರ್ಡ್ ಕೌಂಟರ್. ಬಾಸ್‌ನ ನಿಲುವು ಮುರಿದು ಅವನನ್ನು ತತ್ತರಿಸುವಂತೆ ಮಾಡಲು ಇದರಷ್ಟು ಸುಲಭದ ದಾರಿ ಆರಂಭದಲ್ಲಿ ಇನ್ನೊಂದಿಲ್ಲ. ಸರಣಿಯ ನಡುವೆ ಮಾತ್ರ ಮಾಡಬೇಡಿ, ಮುಂದಿನ ಏಟು ನಿಮ್ಮ ಮೇಲೇ ಬೀಳುತ್ತದೆ.

ಪ್ರಶ್ನೆ: ಉಚಿಗತಾನ ಕತ್ತಿಗಿಂತ ದೊಡ್ಡ ಕತ್ತಿ ಜ್ವೈಹ್ಯಾಂಡರ್‌ನ ಅಟ್ಯಾಕ್ ಪವರ್ ಜಾಸ್ತಿ ಇದೆ. ಬದಲಾಯಿಸಿದ ಮೇಲೆ ಬಾಸ್ ಬೇಗ ಸಾಯುವ ಬದಲು ನಾನೇ ಬೇಗ ಸಾಯುತ್ತಿದ್ದೇನೆ. ಅಂಕಿ ಸುಳ್ಳು ಹೇಳುತ್ತಿದೆಯಾ?

ಉತ್ತರ: ಅಂಕಿ ನಿಜ, ಆದರೆ ಅದು ಒಂದು ಏಟಿನ ಲೆಕ್ಕ. ಆ ಏಟು ಹಾಕಲು ಎಷ್ಟು ಹೊತ್ತು ಬೇಕು ಎಂದು ಅದು ಹೇಳುವುದಿಲ್ಲ. ಬಾಸ್ ನಿಮಗೆ ಬಿಟ್ಟುಕೊಡುವುದು ಚೂರೇ ಚೂರು ಸಮಯ. ಅದರಲ್ಲಿ ಉಚಿಗತಾನ ಎರಡು ಸಲ ಬೀಸಿ ಹಿಂದೆ ಸರಿಯಬಹುದು. ಜ್ವೈಹ್ಯಾಂಡರ್ ಒಂದೇ ಸಲ, ಅದೂ ಬಾಸ್ ಏಟು ಮುಗಿಸುವ ಮುಂಚೆಯೇ ನೀವು ಬೀಸಲು ಶುರು ಮಾಡಿದ್ದರೆ. ಹಾಗಾಗಿ ದೊಡ್ಡ ಕತ್ತಿಯವರು ಬಾಸ್‌ನ ಏಟುಗಳನ್ನು ಬಾಯಿಪಾಠ ಮಾಡಿರಬೇಕು. ಕಣ್ಣಿಗೆ ಕಂಡ ಮೇಲೆ ಒತ್ತಿದರೆ ತಡವಾಗಿರುತ್ತದೆ.

ಅದರ ಬದಲಿಗೆ ಸಿಗುವುದು ನಿಲುವು ಮುರಿಯುವ ಶಕ್ತಿ. ಸುಮ್ನೆ ನಿಂತು ಲೈಟ್ ಅಟ್ಯಾಕ್ ಒತ್ತುತ್ತಿದ್ದರೆ ಆ ಲಾಭ ಪೂರ್ತಿ ಸಿಗುವುದಿಲ್ಲ. ಹಾರಿ ಹೆವಿ ಅಟ್ಯಾಕ್ ಹಾಕಿ. ಎರಡೂ ಕೈಯಲ್ಲಿ ಹಿಡಿಯಿರಿ. ಎರಡು ಕೈಯಲ್ಲಿ ಹಿಡಿದರೆ ನಿಮ್ಮ ಸ್ಟ್ರೆಂತ್ ಒಂದೂವರೆ ಪಟ್ಟು ಎಂದು ಆಟ ಲೆಕ್ಕ ಹಾಕುತ್ತದೆ. ಜ್ವೈಹ್ಯಾಂಡರ್‌ಗೆ 19 ಸ್ಟ್ರೆಂತ್ ಬೇಕು, ಎರಡು ಕೈಯಲ್ಲಾದರೆ 13 ಸಾಕು. ಗುರಾಣಿ ಹಿಡಿಯುವುದರ ನಿಜವಾದ ಬೆಲೆ ಇಲ್ಲೂ ಇದೆ. ಎಡಗೈಗೆ ಗುರಾಣಿ ಕೊಟ್ಟ ಕೂಡಲೇ ಆ ಒಂದೂವರೆ ಪಟ್ಟು ಕೈಬಿಟ್ಟುಹೋಗುತ್ತದೆ.

ಅಂಕಿಯ ಬಗ್ಗೆ ಒಂದು ಎಚ್ಚರಿಕೆ. ಒಂದು ಕತ್ತಿ 400 ಫಿಸಿಕಲ್, ಇನ್ನೊಂದು 200 ಫಿಸಿಕಲ್ ಜೊತೆ 200 ಫೈರ್ ಇದ್ದರೆ ಮೊತ್ತ ಒಂದೇ. ಏಟು ಒಂದೇ ಅಲ್ಲ. ಶತ್ರುವಿನ ರಕ್ಷಣೆ ಪ್ರತಿ ಬಗೆಯ ಡ್ಯಾಮೇಜ್‌ನಿಂದಲೂ ಬೇರೆಬೇರೆಯಾಗಿ ಕಡಿತ ಮಾಡುತ್ತದೆ. ಬೆಂಕಿಗೆ ಹೆದರುವ ಶತ್ರು ಅಲ್ಲದಿದ್ದರೆ ಒಂದೇ ಬಗೆಯ ಕತ್ತಿಯೇ ಸಾಮಾನ್ಯವಾಗಿ ಮೇಲು.

ಪ್ರಶ್ನೆ: ಎಡಗೈಯಲ್ಲಿ ಗುರಾಣಿ ಇಟ್ಟರೆ ಕತ್ತಿಯ ಸ್ಕಿಲ್ (ವಿಶೇಷ ದಾಳಿ) ಬರುವುದೇ ಇಲ್ಲ. ಬರೀ ಪ್ಯಾರಿ (ಏಟನ್ನು ಪಕ್ಕಕ್ಕೆ ತಳ್ಳುವ ಗುರಾಣಿಯ ಸ್ಕಿಲ್) ಆಗುತ್ತೆ.

ಉತ್ತರ: ಗುರಾಣಿಗೆ ಸ್ವಂತ ಸ್ಕಿಲ್ ಇದ್ದರೆ ಆ ಬಟನ್ ಅದರ ಪಾಲಾಗುತ್ತದೆ. ‘ನೋ ಸ್ಕಿಲ್’ ಎಂಬ ಆಶ್ ಆಫ್ ವಾರ್ (ಆಯುಧದ ಸ್ಕಿಲ್ ಬದಲಿಸುವ ವಸ್ತು) ಇದೆ, ಅದನ್ನು ಗುರಾಣಿಗೆ ಹಾಕಿ. ಆಗ ಬಲಗೈಯ ಸ್ಕಿಲ್ ಬರುತ್ತದೆ. ಸಿಗುವವರೆಗೆ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಸ್ಕಿಲ್ ಬಳಸಿ.

ಪ್ರಶ್ನೆ: ದೊಡ್ಡ ಗುರಾಣಿಯ ಹಿಂದೆ ನಿಂತು ಈಟಿಯಲ್ಲಿ ಚುಚ್ಚುತ್ತಾ ಬಾಸ್ ಕೊಂದೆ. ಜೊತೆಗೆ ಆಡುವವರು ಇದು ಆಟವೇ ಅಲ್ಲ ಅಂದರು. ಇದು ಬ್ಯಾಲೆನ್ಸ್ ತಪ್ಪಿದ ವಿಧಾನವಾ?

ಉತ್ತರ: ಖಂಡಿತ ಆಟವೇ. ಈಟಿ ಮತ್ತು ಚುಚ್ಚುವ ಕತ್ತಿಗಳಿಂದ ಗುರಾಣಿ ಇಳಿಸದೆ ಹೊಡೆಯಬಹುದು ಎಂಬ ನಿಯಮವನ್ನು ಆಟ ಮಾಡಿದವರೇ ಇಟ್ಟಿದ್ದಾರೆ. ನಿಮ್ಮ ಗೆಲುವು ಗೆಲುವೇ, ಅದನ್ನು ಯಾರೂ ಸಣ್ಣದು ಮಾಡಬಾರದು.

ಇದು ಪ್ರಬಲ ವಿಧಾನ ಎನ್ನುವುದು ನಿಜ. ಆದರೆ ಇದಕ್ಕೆ ತೆರುವ ಬೆಲೆ ನೋಡಿ. ಫಿಂಗರ್‌ಪ್ರಿಂಟ್ ಸ್ಟೋನ್ ಶೀಲ್ಡ್ ಹೊರಲು 48 ಸ್ಟ್ರೆಂತ್ ಬೇಕು, ತೂಕ 29. ಒಟ್ಟು ತೂಕ ನೀವು ಹೊರಬಲ್ಲ ಮಿತಿಯ 70 ಪರ್ಸೆಂಟ್ ಮುಟ್ಟದಂತೆ ನೋಡಿಕೊಂಡರೆ ಮಾತ್ರ ಮೀಡಿಯಂ ರೋಲ್ ಉಳಿಯುತ್ತದೆ. ದಾಟಿದರೆ ರೋಲ್ ದಪ್ಪನೆ ಬೀಳುತ್ತದೆ. ಅದಕ್ಕಾಗಿ ಹೊರುವ ಶಕ್ತಿ ಹೆಚ್ಚಿಸುವ ಎಂಡ್ಯೂರೆನ್ಸ್‌ಗೆ ಹಾಕಿದ ಪ್ರತಿ ಲೆವೆಲ್ ಬೇರೆ ಎಲ್ಲಿಂದಲೋ ಕಡಿತವಾದದ್ದು. ಚುಚ್ಚಿದ ಒಂದೊಂದು ಏಟೂ ಚಿಕ್ಕದು, ಹಾಗಾಗಿ ಹೋರಾಟ ಉದ್ದವಾಗುತ್ತದೆ. ಹಿಡಿದೆತ್ತುವ ದಾಳಿಗೆ ಯಾವ ಗುರಾಣಿಯೂ ಲೆಕ್ಕಕ್ಕಿಲ್ಲ. ಏಟು ಚಿಕ್ಕದು ಎನ್ನುವ ಕೊರತೆ ತುಂಬಲು ಬ್ಲೀಡ್ (ರಕ್ತಸ್ರಾವ) ಅಥವಾ ಸ್ಕಾರ್ಲೆಟ್ ರಾಟ್ (ನಿಧಾನವಾಗಿ ಎಚ್‌ಪಿ ತಿನ್ನುವ ಕೊಳೆತ) ಸೇರಿಸುತ್ತಾರೆ. ಸ್ಕಾರ್ಲೆಟ್ ರಾಟ್ ಹತ್ತಿಸುವ ಚುಚ್ಚುಗತ್ತಿ ಆಂಟ್‌ಸ್ಪರ್ ರೇಪಿಯರ್ ಅಷ್ಟು ಜನಪ್ರಿಯವಾದದ್ದು ಅದಕ್ಕೇ.

ನನಗೆ ಬ್ಯಾಲೆನ್ಸ್ ಎಂದರೆ ಎಲ್ಲ ಆಯುಧವೂ ಒಂದೇ ಹೊತ್ತಿಗೆ ಬಾಸ್ ಕೊಲ್ಲುವುದು ಅಲ್ಲ. ಯಾವ ಶಕ್ತಿಯೂ ಬಿಟ್ಟಿ ಸಿಗಬಾರದು, ಅಷ್ಟೇ. ತೂಕದಲ್ಲೋ, ಸ್ಟ್ಯಾಮಿನಾದಲ್ಲೋ, ಸಮಯದಲ್ಲೋ ಆಟಗಾರ ಬೆಲೆ ತೆತ್ತಿರಬೇಕು. ನಿಮ್ಮ ವಿಧಾನ ಆ ಬೆಲೆ ತೆರುತ್ತದೆ.

ಎಲ್ಡನ್ ರಿಂಗ್ ಮಾಡಿದ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯೂ ಗುರಾಣಿಯ ಬಗ್ಗೆ ಒಂದೇ ನಿಲುವಿನಲ್ಲಿ ನಿಂತಿಲ್ಲ. 2011ರ ಡಾರ್ಕ್ ಸೋಲ್ಸ್‌ನಲ್ಲಿ ಗುರಾಣಿ ಹಿಡಿದು ನಿಧಾನ ಮುಂದೆ ಹೋಗುವುದೇ ಸಹಜ ದಾರಿಯಾಗಿತ್ತು. 2015ರ ಬ್ಲಡ್‌ಬೋರ್ನ್‌ನಲ್ಲಿ ಕೊಟ್ಟ ಮರದ ಗುರಾಣಿಯ ವಿವರದಲ್ಲೇ, ಅದು ನಿಮ್ಮನ್ನು ಸುಮ್ಮನೆ ಕೂರಿಸಿಬಿಡಬಾರದು ಎಂಬ ಎಚ್ಚರಿಕೆ ಇತ್ತು. 2019ರ ಸೆಕಿರೋದಲ್ಲಿ ಕತ್ತಿಯಲ್ಲೇ ಏಟು ತಡೆಯಬೇಕು. ಎಲ್ಡನ್ ರಿಂಗ್‌ಗೆ ಬಂದಾಗ ಗಾರ್ಡ್ ಕೌಂಟರ್ ಸೇರಿಸಿದರು. ಗುರಾಣಿ ಹಿಡಿದವರೂ ಮುನ್ನುಗ್ಗಿ ಹೊಡೆಯಲಿ ಎಂಬ ಆಸೆ ಅದರಲ್ಲಿ ಕಾಣುತ್ತದೆ. ನನ್ನ ಮಟ್ಟಿಗೆ ಇದುವರೆಗಿನ ಅತ್ಯುತ್ತಮ ಪರಿಹಾರ ಅದೇ.

ಪ್ರಶ್ನೆ: ಹಳೇ ವಿಡಿಯೋ ನೋಡಿ ಹೋರ್‌ಫ್ರಾಸ್ಟ್ ಸ್ಟಾಂಪ್ ಎಂಬ ಸ್ಕಿಲ್ ಹಾಕಿಕೊಂಡೆ. ಅದರಲ್ಲಿ ತೋರಿಸಿದ ಅರ್ಧ ಶಕ್ತಿಯೂ ಇಲ್ಲ ಅನಿಸುತ್ತೆ. ಒಬ್ಬನೇ ಆಡುವವನಿಗೆ ನರ್ಫ್ (ಶಕ್ತಿ ಕಡಿತ) ಯಾಕೆ ಬೇಕು?

ಉತ್ತರ: ನೀವು ನೋಡಿದ್ದು 2022ರ ಮಾರ್ಚ್ 17ಕ್ಕಿಂತ ಹಿಂದಿನ ವಿಡಿಯೋ ಇರಬೇಕು. ಅಂದು ಬಂದ 1.03 ಪ್ಯಾಚ್‌ನಲ್ಲಿ (ಆಟದ ತಿದ್ದುಪಡಿಯಲ್ಲಿ) ಅದರ ಡ್ಯಾಮೇಜ್ ಇಳಿಸಿದರು, ಹಾಕಲು ಬೇಕಾದ ಸಮಯ ಏರಿಸಿದರು. ಸ್ವೋರ್ಡ್ ಆಫ್ ನೈಟ್ ಅಂಡ್ ಫ್ಲೇಮ್ ಎಂಬ ಕತ್ತಿಗೂ, ನಿಮ್ಮ ಪ್ರತಿರೂಪವಾಗಿ ಹೋರಾಡುವ ಮಿಮಿಕ್ ಟಿಯರ್‌ಗೂ ಅದೇ ದಿನ ಕತ್ತರಿ ಬಿತ್ತು. ಗುರಾಣಿಯವರೂ ತಪ್ಪಿಸಿಕೊಳ್ಳಲಿಲ್ಲ. ಬ್ಯಾರಿಕೇಡ್ ಶೀಲ್ಡ್ ಎಂಬ ಸ್ಕಿಲ್ ಕೆಲಸ ಮಾಡುವ ಅವಧಿ ಕಡಿಮೆಯಾಯಿತು, ಅದಕ್ಕೆ ಬೇಕಾದ ಎಫ್‌ಪಿ (ಸ್ಕಿಲ್ ಬಳಸಲು ಖರ್ಚಾಗುವ ಶಕ್ತಿ) ಹೆಚ್ಚಾಯಿತು.

ಸ್ಟಾಂಪ್ ವಿಷಯದಲ್ಲಿ ಅವರು ಮಾಡಿದ್ದು ಸರಿ ಎನ್ನುತ್ತೇನೆ. ನೆಲಕ್ಕೆ ಒಂದು ಸಲ ಕಾಲು ಬಡಿದರೆ ಸಾಕಿತ್ತು. ಬೇಗ ಬರುತ್ತಿತ್ತು, ಅಗಲಕ್ಕೆ ಹರಡುತ್ತಿತ್ತು, ಗುರಿ ಹಿಡಿಯುವ ಕೆಲಸವೂ ಇರಲಿಲ್ಲ. ಬೆಲೆಯೇ ಇಲ್ಲದ ಶಕ್ತಿ ಅದು. ಅಂಥದ್ದು ಒಂದಿದ್ದರೆ ಉಳಿದ ಆಯುಧಗಳೆಲ್ಲ ಪೆಟ್ಟಿಗೆಯಲ್ಲೇ ಕೊಳೆಯುತ್ತವೆ. ಒಬ್ಬರೇ ಆಡುವವರಿಗೂ ಅದು ನಷ್ಟವೇ, ಹುಡುಕಿ ನೋಡುವ ಖುಷಿ ಹೋಗುತ್ತದೆ.

ಆದರೂ ನನಗೆ ಹೆಚ್ಚು ಹಿಡಿಸಿದ್ದು ಏಪ್ರಿಲ್‌ನ 1.04. ಅಲ್ಲಿ ಕಡಿತಕ್ಕಿಂತ ಎತ್ತಿ ನಿಲ್ಲಿಸುವ ಕೆಲಸ ಆಯಿತು. ಯಾರೂ ಮುಟ್ಟದೆ ಬಿಟ್ಟಿದ್ದ ಭಾರೀ ಆಯುಧಗಳ ವೇಗ ಹೆಚ್ಚಿಸಿ, ಏಟಿನ ನಂತರ ಚೇತರಿಸಿಕೊಳ್ಳುವ ಹೊತ್ತು ಇಳಿಸಿದರು. ನಿಮ್ಮ ದೂರಿನ ಮೂಲಕ್ಕೆ ಮದ್ದು ಬಂದದ್ದು ಅಕ್ಟೋಬರ್‌ನ 1.07ರಲ್ಲಿ. ಆಟಗಾರರ ನಡುವಿನ ಕಾದಾಟಕ್ಕೆ ಡ್ಯಾಮೇಜ್ ಲೆಕ್ಕವನ್ನು ಪ್ರತ್ಯೇಕ ಮಾಡಿದರು. ಅಲ್ಲಿ ತೊಂದರೆ ಕೊಡುವ ಆಯುಧವನ್ನು ಅಲ್ಲಿಗಷ್ಟೇ ತಗ್ಗಿಸಲು ದಾರಿಯಾಯಿತು. ಇದು ಮೊದಲ ದಿನದಿಂದಲೇ ಇರಬೇಕಿತ್ತು. ಅಂದಹಾಗೆ ವಿಡಿಯೋ ನೋಡಿ ಬಿಲ್ಡ್ ಮಾಡುವಾಗ ಅದು ಯಾವ ಪ್ಯಾಚ್ ಕಾಲದ್ದು ಎಂದು ಮೊದಲು ನೋಡಿ.

ಪ್ರಶ್ನೆ: ಲೆವೆಲ್ 150 ದಾಟಿದೆ, ಗುರಾಣಿ ಪೂರ್ತಿ ಅಪ್‌ಗ್ರೇಡ್ ಆಗಿದೆ. ಆದರೂ ಷ್ಯಾಡೋ ಆಫ್ ದಿ ಎರ್ಡ್‌ಟ್ರೀಯಲ್ಲಿ ಎರಡೇ ಏಟಿಗೆ ಸಾಯುತ್ತೇನೆ. ಇನ್ನೂ ಎಷ್ಟು ಲೆವೆಲ್ ಬೇಕು?

ಉತ್ತರ: ಲೆವೆಲ್ ಏರಿಸುವುದನ್ನು ನಿಲ್ಲಿಸಿ, ತುಣುಕು ಹುಡುಕಿ. 2024ರ ಜೂನ್ 21ರಂದು ಬಂದ ಈ ಡಿಎಲ್‌ಸಿಗೆ (ಆಟದ ಹೆಚ್ಚುವರಿ ಭಾಗಕ್ಕೆ) ಅದರದೇ ಆದ ಬೆಳವಣಿಗೆ ಇದೆ. ಸ್ಕ್ಯಾಡುಟ್ರೀ ಫ್ರಾಗ್ಮೆಂಟ್‌ಗಳನ್ನು ಸೈಟ್ ಆಫ್ ಗ್ರೇಸ್ ಎಂಬ ವಿಶ್ರಾಂತಿ ತಾಣದಲ್ಲಿ ಕೂತು ಬಳಸಿದರೆ ನೀವು ಕೊಡುವ ಏಟು ಏರುತ್ತದೆ, ತಿನ್ನುವ ಏಟು ಇಳಿಯುತ್ತದೆ. ಗರಿಷ್ಠ ಮಟ್ಟ 20, ಒಟ್ಟು ತುಣುಕು 50. ಈ ಬಲ ಆ ನಾಡಿನೊಳಗೆ ಮಾತ್ರ. ಬಂದ ಮೊದಲ ವಾರದಲ್ಲೇ ತುಂಬಾ ಕಷ್ಟ ಎಂಬ ಕೂಗೆದ್ದು, ಜೂನ್ 26ರಂದು ಆರಂಭದ ಮಟ್ಟಗಳ ಬಲವನ್ನು ಹೆಚ್ಚಿಸಿದರು. ಹಾಗಾಗಿ ಮೊದಲ ಕೆಲವು ತುಣುಕುಗಳಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಈಗಿನ ಬಾಸ್ ಅನ್ನು ಅಲ್ಲೇ ಬಿಟ್ಟು ನಕ್ಷೆಯ ಖಾಲಿ ಕಡೆಗಳಿಗೆ ಹೋಗಿ. ಮಿಕೆಲ್ಲಾನ ಶಿಲುಬೆಯ ಗುರುತುಗಳ ಬಳಿ ತುಣುಕು ಸಿಗುತ್ತವೆ, ಕೆಲವು ಶತ್ರುಗಳೂ ಬೀಳಿಸುತ್ತವೆ. ಗುರಾಣಿ ನಂಬಿಕೊಂಡು ಆಡುವವರು ಅಲ್ಲಿ ಡಿಫ್ಲೆಕ್ಟಿಂಗ್ ಹಾರ್ಡ್‌ಟಿಯರ್ ಎಂಬ ಮದ್ದಿನ ಸಾಮಗ್ರಿಯನ್ನೂ ಹುಡುಕಿಕೊಳ್ಳಿ. ಅದನ್ನು ಕುಡಿದ ಮೇಲೆ, ಏಟು ತಾಗುವ ಹೊತ್ತಿಗೆ ಸರಿಯಾಗಿ ಬ್ಲಾಕ್ ಒತ್ತಿದರೆ ತಡೆಯುವ ಶಕ್ತಿಯೂ ಗಾರ್ಡ್ ಕೌಂಟರ್‌ನ ಬಲವೂ ಏರುತ್ತವೆ. ಮಾರ್ಗಿಟ್ ಎದುರು ಗುರಾಣಿ ಇಳಿಸಿ ಎತ್ತುವ ಅಭ್ಯಾಸ ಮಾಡಿಕೊಂಡವರಿಗೆ ಆ ಟೈಮಿಂಗ್ ಬೇಗ ಕೈಗೆ ಹತ್ತುತ್ತದೆ.