ಅಜ್ಜಿಯ ಕ್ರೇಪ್ ಸೀರೆಗೆ ಕತ್ತರಿ ಹಾಕಬಹುದೇ?

ಪ್ರಶ್ನೆ: ನಾನು ಮಂಡ್ಯದವಳು, ಬ್ಯಾಂಕೊಂದರಲ್ಲಿ ಉದ್ಯೋಗಿ. ಐವತ್ತು, ಅರವತ್ತರ ದಶಕದ ಉಡುಪುಗಳೆಂದರೆ ನನಗೆ ಬಹಳ ಇಷ್ಟ. ಅಜ್ಜಿಯ ಟ್ರಂಕಿನಲ್ಲಿ ಆ ಕಾಲದ ಮೈಸೂರು ರೇಷ್ಮೆ ಸೀರೆಯೊಂದು ಸಿಕ್ಕಿದೆ. ಅದರಲ್ಲಿ ಮೈಸೂರು ರೇಷ್ಮೆ ತಯಾರಿಸುವ ರಾಜ್ಯ ಸರ್ಕಾರದ ನಿಗಮವಾದ ಕೆಎಸ್‌ಐಸಿಯ ಗುರುತು ಇಲ್ಲ. ಅದನ್ನು ಕತ್ತರಿಸಿ, ಸಣ್ಣ ನಡುವಿನ, ಅಗಲ ಘೇರಿನ ಫ್ರಾಕ್ ಹೊಲಿಸಬೇಕೆಂಬ ಆಸೆ ನನಗಿದೆ, ಅಮ್ಮ ಬೇಡವೆನ್ನುತ್ತಾರೆ. ಛದ್ಮವೇಷದಂತೆ ಕಾಣದ ಹಾಗೆ ಇಂಥ ಉಡುಪುಗಳನ್ನು ಕೂಡಿಸಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಗುರುತಿನ ವಿಷಯ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾಯಿತು. ಕೆಎಸ್‌ಐಸಿ ಸ್ಥಾಪನೆಯಾದದ್ದು 1980ರಲ್ಲಿ. ಆದ್ದರಿಂದ ಗುರುತಿಲ್ಲವೆಂಬ ಒಂದೇ ಕಾರಣಕ್ಕೆ ಅಜ್ಜಿಯವರ ಸೀರೆಯನ್ನು ಸಂಶಯಿಸಬೇಕಿಲ್ಲ.

ಕತ್ತರಿಯ ವಿಷಯದಲ್ಲಿ ನಾನು ನಿಮ್ಮ ತಾಯಿಯವರ ಪಕ್ಷ. ನೀವು ಬಯಸುವ ಆಕಾರವನ್ನು 1947ರಲ್ಲಿ ಪ್ಯಾರಿಸಿನ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಜನಪ್ರಿಯಗೊಳಿಸಿದರು. ಆ ಘೇರು ಅರಳಿ ನಿಲ್ಲಬೇಕಾದರೆ ಗಡುಸಾದ ಬಟ್ಟೆಯೂ ಒಳಲಂಗಗಳ ಆಸರೆಯೂ ಬೇಕು. ಮೈಸೂರು ಕ್ರೇಪ್ ಆದರೋ ಹೆಚ್ಚು ಹುರಿ ಕೊಟ್ಟ ನೂಲಿನಿಂದ ನೇಯ್ದ ಬಟ್ಟೆಯಾದ್ದರಿಂದ ಮೈಗೆ ಒರಗಿ ಇಳಿಯುತ್ತದೆ, ಉಬ್ಬಿ ನಿಲ್ಲುವುದಿಲ್ಲ. ಸೀರೆಯೂ ಹೋಗಿ ಫ್ರಾಕೂ ಜೋಲು ಬೀಳುತ್ತದೆ. ಆ ಫ್ರಾಕನ್ನು ದಪ್ಪ ಹತ್ತಿ ಬಟ್ಟೆಯಲ್ಲಿ ಹೊಲಿಸಿ; ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿಯಂಥದ್ದು ಚೆನ್ನಾಗಿ ಒಪ್ಪುತ್ತದೆ.

ಸೀರೆಯನ್ನು ಸೀರೆಯಾಗಿಯೇ ಉಡಿ. ಅದರ ಕಾಲ ಎದ್ದು ಕಾಣುವುದು ರವಿಕೆಯಲ್ಲಿ. ಅಜ್ಜಿಯವರ ಹಳೆಯ ರವಿಕೆ ಟ್ರಂಕಿನಲ್ಲೇ ಇದ್ದರೆ, ಅದು ನಿಮ್ಮ ಮೈಗೆ ಸರಿಹೊಂದದಿದ್ದರೂ ದರ್ಜಿಯವರ ಕೈಗೆ ಕೊಡಿ. ಕತ್ತಿನ ಆಳ, ತೋಳಿನ ಉದ್ದ, ಸೊಂಟದವರೆಗಿನ ಇಳಿತವನ್ನು ಅದರಿಂದ ತೆಗೆದುಕೊಂಡು, ಸುತ್ತಳತೆಯನ್ನು ಮಾತ್ರ ನಿಮ್ಮದಕ್ಕೆ ಹೊಂದಿಸಲಿ. ಸೀರೆ, ರವಿಕೆ ಹಳೆಯ ಕಾಲದ್ದಾದರೆ ಉಳಿದದ್ದೆಲ್ಲ ಇಂದಿನದಾಗಿರಲಿ: ಅವುಗಳ ಜೊತೆಗೆ ಅದೇ ಕಾಲದ ತುರುಬು, ಕನ್ನಡಕ, ಕೈಚೀಲವೂ ಸೇರಿದರೆ ನೀವು ಹೆದರುವ ಛದ್ಮವೇಷವೇ ಆಗುತ್ತದೆ.

ಉಡುವ ಮೊದಲು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮಡಿಕೆಗಳ ಗೆರೆಯನ್ನು ನೋಡಿ. ಎಳೆಗಳು ಬಿಟ್ಟುಕೊಂಡಿದ್ದರೆ ಅದು ಮದುವೆ ಮನೆಯ ಓಡಾಟವನ್ನು ತಡೆಯದು. ಆಗ ಮಾತ್ರ, ಗಟ್ಟಿಯಾಗಿ ಉಳಿದ ಸೆರಗಿನಿಂದ ಹತ್ತಿಯ ಲೈನಿಂಗ್ ಕೊಟ್ಟು ತೋಳಿಲ್ಲದ ಮೇಲಂಗಿ ಹೊಲಿಸಲು ಅಮ್ಮನನ್ನು ಒಪ್ಪಿಸಬಹುದು. ಗಟ್ಟಿಯಿದ್ದರೆ ಒಗೆದ ಬಿಳಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ, ನುಸಿಗುಳಿಗೆ ಜರಿಗೆ ತಾಕಬಾರದು. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಪ್ರಶ್ನೆ: ಮೈಸೂರಿನ ಕಾಲೇಜು ವಿದ್ಯಾರ್ಥಿ ನಾನು. ತಂದೆಯವರ ಎಪ್ಪತ್ತರ ದಶಕದ ಟೆರಿಲಿನ್ ಶರ್ಟು, ಬೆಲ್‌ಬಾಟಂ ದಿನವೂ ಹಾಕಬಹುದೇ?

ಉತ್ತರ: ಬೆಲ್‌ಬಾಟಂ ಧಾರಾಳವಾಗಿ ಹಾಕಿ. 1941ರಲ್ಲಿ ಬ್ರಿಟನ್ನಿನಲ್ಲಿ ಕಂಡುಹಿಡಿದ ಟೆರಿಲಿನ್ ಪಾಲಿಯೆಸ್ಟರೇ ಆದ್ದರಿಂದ ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ, ಆದರೆ ಬೆವರನ್ನು ಹೀರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಸಿಟಿ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಆ ಶರ್ಟು ಶಿಕ್ಷೆಯೇ ಸರಿ. ಅದರ ಅಗಲ ಕಾಲರಿನ ಅಳತೆ ತೆಗೆಸಿ ಹತ್ತಿಯಲ್ಲಿ ಹೊಲಿಸಿಕೊಳ್ಳಿ. ಇಸ್ತ್ರಿಯವರಿಗೆ ಅಸಲಿ ಶರ್ಟು ಕೊಡುವಾಗ ಕಾವು ಕಡಿಮೆ ಇರಲೆಂದು ಹೇಳುವುದನ್ನು ಮರೆಯಬೇಡಿ.