ಅಕ್ಷರ ದೊಡ್ಡದು ಮಾಡಿದರೆ ಸಾಕೇ?
ಯಾದಗಿರಿಯ ರೈತರಿಗಾಗಿ ಮಾಡಿರುವ ತೊಗರಿ ದರದ ವೆಬ್ ಪುಟ ವಯಸ್ಸಾದವರಿಗೆ ಓದಲಾಗುತ್ತಿಲ್ಲ, ಅಕ್ಷರವನ್ನು 14ರಿಂದ 16 ಪಿಕ್ಸೆಲ್‌ಗೆ ಏರಿಸಿದರೆ ಸಾಕೇ ಎಂದು ಕೇಳಿದ್ದೀರಿ. ಏರಿಸಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ.

ಕನ್ನಡಕ್ಕೆ ಬೇಕಾದದ್ದು ಸಾಲುಗಳ ನಡುವಿನ ಜಾಗ. 'ರಾಷ್ಟ್ರೀಯ' ಎಂದು ಬರೆದು ನೋಡಿ: ಷಕಾರದ ಕೆಳಗೆ ಟ ಒತ್ತು, ಪಕ್ಕದಲ್ಲೇ ರ ಒತ್ತು. ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಮಾತ್ರ ಇದ್ದರೆ ಈ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳ ಮೇಲೆ ಹೋಗಿ ಕೂರಬಹುದು. ನಾನು 1.7 ಇಡುತ್ತೇನೆ. ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಮುಟ್ಟಬೇಡಿ.

ಇನ್ನು ಬಣ್ಣ. ನೀವು ದರಕ್ಕೆ ಕೊಟ್ಟಿರುವ ಬೂದು ಬಣ್ಣದ ಕೋಡ್ #999999. ಬಿಳಿಯ ಮೇಲೆ ಅದರ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) 2.85:1 ಅಷ್ಟೇ; ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಪಠ್ಯಕ್ಕೆ ಕನಿಷ್ಠ 4.5:1 ಕೇಳುತ್ತದೆ. ಜೇವರ್ಗಿಯಲ್ಲಿರುವ ನಮ್ಮ ಕಾಕಾ ಇಂಥದ್ದೇ ಒಂದು ಪುಟವನ್ನು ಬಿಸಿಲಲ್ಲಿ ಹಿಡಿದು, ಕೈ ಅಡ್ಡ ಮಾಡಿಕೊಂಡು, ಕೊನೆಗೆ ದಲಾಲಿಗೇ ಫೋನ್ ಮಾಡಿದರು. ಬೂದು ಬಣ್ಣದ ಈ ಶೋಕಿ ಯಾರಿಗಾಗಿಯೋ!

ಹಳೆಯ ಸುತ್ತೋಲೆಗಳನ್ನು ಆಸ್ಕಿ ಫಾಂಟಿನಲ್ಲಿ ಹಾಗೆಯೇ ಅಂಟಿಸಿದ್ದರೆ ಯೂನಿಕೋಡ್‌ಗೆ ಬದಲಿಸಿ. ಆಸ್ಕಿಯಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳು; ಅಂಧರಿಗೆ ಪರದೆಯ ಪಠ್ಯ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಗೊಣಗಾಟವಾಗಿ ಓದುತ್ತದೆ. ದರಪಟ್ಟಿಯನ್ನು ಬರೀ ಫೋಟೋ ಆಗಿ ಹಾಕಿದರೆ ಆ ಗೊಣಗಾಟವೂ ಇಲ್ಲ, ಮೌನವಷ್ಟೇ.